ಗುಂಡಿನ ಬಣ್ಣವನ್ನು ದೂರುವ ಮೊದಲು ಅಳತೆ ನೋಡಿ

ಸಂಪಾದಕರಿಗೆ ನಮಸ್ಕಾರ.

ಅಮೆರಿಕದ ಕನ್ನಡಿಗರ ಹವ್ಯಾಸಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹಕ್ಕೆ ಡಲ್ಲಾಸ್ ಕಡೆಯ ಓದುಗರೊಬ್ಬರು ಪ್ರತಿಕ್ರಿಯೆ ಬರೆದಿದ್ದರು. ಪಿಸ್ತೂಲಿನ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾರಂತೆ, ಅಂದರೆ ಹಿತ್ತಾಳೆಯ ಖಾಲಿ ಕೇಸಿಗೆ ಕಿಡಿ ಕೊಡುವ ಪ್ರೈಮರ್, ಮದ್ದು ಹಾಕಿ ಬಾಯಲ್ಲಿ ಗುಂಡು ಕೂರಿಸುವುದು. ಬಣ್ಣದ ಲೇಪನ ಇರುವ ಸೀಸದ ಗುಂಡು ಹಾಕಿದರೂ ನಳಿಗೆಯ ಒಳಗೆಲ್ಲ ಸೀಸ ಮೆತ್ತಿಕೊಂಡಿತು, ಲೇಪನ ಅನ್ನೋದು ಬರೀ ವ್ಯಾಪಾರದ ಮಾತು ಎಂಬುದು ಅವರ ದೂರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಗಟ್ಟಿಯಾಗಿ ಹಿಡಿದ ಸೀಸ ಕೀಳುವುದು ಸುಲಭದ ಕೆಲಸವಲ್ಲ. ಆದರೆ ಅವರು ಹೇಳಿದ್ದನ್ನು ಹಾಗೇ ಒಪ್ಪಿಕೊಂಡು, ಈಗಷ್ಟೇ ಈ ಹವ್ಯಾಸಕ್ಕೆ ಇಳಿದವರು ಒಳ್ಳೆಯ ಗುಂಡನ್ನು ಬಿಟ್ಟುಬಿಡಬಾರದು ಅಂತ ಈ ಪತ್ರ.

ನಾನು ಕೊಡಗಿನವನು. ನಮ್ಮ ಆಯುಧ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಯ ತುದಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುವ ಮನೆಯಲ್ಲಿ ಬೆಳೆದವನು. ಈಗ ಅರಿಜೋನಾದಲ್ಲಿದ್ದೇನೆ. 9 ಎಂಎಂ ಪಿಸ್ತೂಲಿಗೂ .38 ರಿವಾಲ್ವರಿಗೂ ಹಲವು ವರ್ಷಗಳಿಂದ ಲೇಪನದ ಗುಂಡನ್ನೇ ತುಂಬುತ್ತಿದ್ದೇನೆ. ಊರಿನವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಫೆಡರಲ್ ಪರವಾನಗಿ ಬೇಡ, ಮಾರಬೇಕಾದರೆ ಬೇಕು. ಭಾರತದಲ್ಲಿ ಹಾಗಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಆದ್ದರಿಂದ ಮುಂದಿನ ವಿಷಯ ಇಲ್ಲಿ ಕಾನೂನುಬದ್ಧವಾಗಿ ಈ ಕೆಲಸ ಮಾಡುವವರಿಗೆ ಮಾತ್ರ.

ಸೀಸ ಮೆತ್ತುವುದು ಯಾಕೆ? ಮುಖ್ಯ ಕಾರಣ ಗುಂಡಿನ ಬಣ್ಣವಲ್ಲ, ಗುಂಡಿನ ಗಾತ್ರ. ಗುಂಡು ನಳಿಗೆಯ ಒಳಗಿನ ಸುರುಳಿ ತೋಡುಗಳಿಗೆ ಬಿಗಿಯಾಗಿ ಕೂರಬೇಕು. ಒಂದು ಕೂದಲೆಳೆಯಷ್ಟು ಸಣ್ಣದಾದರೂ ಹಿಂದಿನಿಂದ ನುಗ್ಗುವ ಬಿಸಿ ಗ್ಯಾಸ್ ಆ ಸಂದಿಯಲ್ಲಿ ಹರಿಯುತ್ತದೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುವ ಲೋಹ. ಗ್ಯಾಸ್ ಗುಂಡಿನ ಪಕ್ಕವನ್ನು ಕೊರೆದು ಆ ಸೀಸವನ್ನು ಮುಂದೆ ಉಗುಳುತ್ತದೆ. ಮುಂದಿನ ಗುಂಡು ಬಂದು ಅದರ ಮೇಲೆ ಇಸ್ತ್ರಿ ಹಾಕಿದ ಹಾಗೆ ಒತ್ತಿ ಹೋಗುತ್ತದೆ. ಲೇಪನ ಉಜ್ಜಾಟವನ್ನು ಕಡಿಮೆ ಮಾಡುತ್ತದೆ, ಸೀಸ ಉಕ್ಕಿಗೆ ನೇರ ತಾಗದಂತೆ ತಡೆಯುತ್ತದೆ. ಆದರೆ ಸಣ್ಣ ಗುಂಡನ್ನು ದೊಡ್ಡದು ಮಾಡುವ ಶಕ್ತಿ ಅದಕ್ಕಿಲ್ಲ.

ಸೀಸ ಎಲ್ಲಿ ಕೂತಿದೆ ಅನ್ನುವುದೇ ಅರ್ಧ ಉತ್ತರ ಕೊಡುತ್ತದೆ. ನಳಿಗೆ ಬಿಚ್ಚಿ, ಒಂದು ಕಡೆಯಿಂದ ಟಾರ್ಚ್ ಬಿಟ್ಟು ನೋಡಿ. ತೋಟಾ ಕೂರುವ ಚೇಂಬರ್‌ನ ಮುಂದೆಯೇ ಬೆಳ್ಳಿಯಂತೆ ಹೊಳೆಯುವ ಪಟ್ಟೆಗಳಿದ್ದರೆ ಗುಂಡು ಸಣ್ಣದು ಅಂತಲೇ ಮೊದಲ ಅನುಮಾನ. ಹೊರ ತುದಿಯ ಹತ್ತಿರ ಜಾಸ್ತಿ ಇದ್ದರೆ ವೇಗ ಹೆಚ್ಚಾಗಿದೆ, ಇಲ್ಲವೇ ಲೇಪನ ದಾರಿಯಲ್ಲೇ ಸವೆದಿದೆ. ಬೂದು ಬಣ್ಣದ ಮಸಿ ಮದ್ದಿನದ್ದು, ಬಟ್ಟೆ ತುಂಡಿಗೆ ಹೊರಟುಹೋಗುತ್ತದೆ. ಅದನ್ನೇ ಸೀಸ ಅಂತ ತಿಳಿದು ಗಾಬರಿಯಾಗುವವರೂ ಇದ್ದಾರೆ.

ನಿಮ್ಮ ನಳಿಗೆಯ ನಿಜವಾದ ಅಳತೆ ಗೊತ್ತಿಲ್ಲದೆ ಗುಂಡು ಕೊಳ್ಳಬೇಡಿ. ಬಿಚ್ಚಿದ ನಳಿಗೆಗೆ ಸ್ವಲ್ಪ ಎಣ್ಣೆ ಸವರಿ, ಮೆತ್ತನೆಯ ಶುದ್ಧ ಸೀಸದ ತುಂಡೊಂದನ್ನು ಹಿತ್ತಾಳೆ ಕಡ್ಡಿಯಿಂದ ತಟ್ಟಿ ಆಚೆ ಕಡೆ ತೆಗೆಯಬೇಕು. ತೋಡುಗಳ ಅಚ್ಚು ಅದರ ಮೇಲೆ ಉಬ್ಬಾಗಿ ಮೂಡಿರುತ್ತದೆ. ಎದುರುಬದುರಾದ ಎರಡು ಉಬ್ಬುಗಳ ನಡುವಿನ ಅಗಲವನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ, ಕ್ಯಾಲಿಪರ್ ಸಾಲದು. ಸ್ಮಿತ್ ಅಂಡ್ ವೆಸ್ಸನ್ ರಿವಾಲ್ವರ್‌ಗಳಂತೆ ಐದು ತೋಡು ಇದ್ದರೆ ಎದುರುಬದುರು ಉಬ್ಬು ಸಿಗುವುದಿಲ್ಲ, ಅದಕ್ಕೆ ವಿ ಆಕಾರದ ಮೈಕ್ರೋಮೀಟರ್ ಬೇಕು. 9 ಎಂಎಂಗೆ ಪುಸ್ತಕದ ಅಳತೆ 0.355 ಇಂಚು. ತಾಮ್ರದ ಹೊದಿಕೆಯ ಗುಂಡೂ ಅಷ್ಟೇ ಇರುತ್ತದೆ. ಸೀಸದ ಗುಂಡು ಇಂಚಿನ ಸಾವಿರದ ಒಂದು ಭಾಗ ಜಾಸ್ತಿ ಇರಬೇಕು, ಅಂದರೆ 0.356. ನಳಿಗೆ ಸ್ವಲ್ಪ ಅಗಲವಾಗಿದ್ದರೆ 0.357 ಕೂಡ ಬೇಕಾಗಬಹುದು. .38ಕ್ಕೆ 0.358, .45 ಎಸಿಪಿಗೆ 0.452. ದೊಡ್ಡ ಗುಂಡು ತುಂಬಿದ ತೋಟಾ ಚೇಂಬರಿನಲ್ಲಿ ತಡೆಯಿಲ್ಲದೆ ಕೂರುತ್ತದಾ ಅಂತಲೂ ನೋಡಬೇಕು. ರಿವಾಲ್ವರಿನಲ್ಲಿ ಸಿಲಿಂಡರಿನ ಬಾಯಿಗಳನ್ನೂ ಅಳೆಯಿರಿ. ಅವು ನಳಿಗೆಗಿಂತ ಚಿಕ್ಕದಾಗಿದ್ದರೆ ಎಂಥ ಗುಂಡು ಹಾಕಿದರೂ ಅಲ್ಲೇ ಹಿಂಡಿ ಸಣ್ಣದಾಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಸೀಸ ಮೆತ್ತುತ್ತದೆ ಅನ್ನುವವರು ಬಹಳ ಜನ. ಡಬ್ಬದಲ್ಲಿದ್ದಾಗ ಗುಂಡು 0.356 ಇತ್ತು, ಸರಿ. ತೋಟಾದೊಳಗೆ ಕೂತ ಮೇಲೆ ಎಷ್ಟಿದೆ ಅಂತ ನೋಡಿದವರು ಕಡಿಮೆ. ನನ್ನ ಮಟ್ಟಿಗೆ ಈ ಹವ್ಯಾಸದ ಅತಿ ಮುಖ್ಯ ಪರೀಕ್ಷೆ ಇದೇ. ಪ್ರೈಮರ್, ಮದ್ದು ಇಲ್ಲದ ಒಂದು ಡಮ್ಮಿ ತೋಟಾ ತಯಾರಿಸಿ. ತೋಟಾ ಒತ್ತಲು ದಿನವೂ ಬಳಸುವ ಅದೇ ಡೈಗಳಲ್ಲಿ (ಅಚ್ಚುಗಳಲ್ಲಿ), ಅದೇ ಕ್ರಿಂಪ್ (ಕೇಸಿನ ಬಾಯಿಗೆ ಕೊಡುವ ಕೊನೆಯ ಒತ್ತು) ಹಾಕಿ. ಆಮೇಲೆ ಸುತ್ತಿಗೆಯಂಥ ಪುಲ್ಲರಿನಲ್ಲಿ ಬಡಿದು ಗುಂಡನ್ನು ಹೊರಗೆ ತೆಗೆಯಿರಿ.

ಹೊರಬಂದ ಗುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿ. ಚೆನ್ನಾಗಿ ತುಂಬಿದ್ದಾದರೆ ಕೆಂಪು ಲೇಪನ ಸುತ್ತಲೂ ಇಡಿಯಾಗಿರುತ್ತದೆ. ಕೇಸಿನ ಬಾಯಿ ಕೂತಿದ್ದ ಜಾಗದಲ್ಲಿ ಮಬ್ಬಾದ ಗೆರೆಯೊಂದು ಕಾಣಬಹುದು, ಅಷ್ಟೇ. ಕೆಟ್ಟದ್ದಾದರೆ ಆ ಜಾಗದಲ್ಲಿ ಉಗುರಿಗೆ ತಗಲುವ ಹಳ್ಳ, ಅದರೊಳಗೆ ಬರಿ ಸೀಸದ ಹೊಳಪು. ಪಕ್ಕದಲ್ಲಿ ಉದ್ದುದ್ದ ಗೀರು. ಬುಡವನ್ನು ಮೈಕ್ರೋಮೀಟರಿಗೆ ಕೊಟ್ಟರೆ 0.356 ಹೋಗಿ 0.354 ಆಗಿರುತ್ತದೆ. ಇಂಥ ಗುಂಡಿಗೆ ಲೇಪನ ಇದ್ದರೇನು, ಬಿಟ್ಟರೇನು! ಡಲ್ಲಾಸಿನ ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ: ಡಬ್ಬ ಎಸೆಯುವ ಮೊದಲು ಇದೊಂದನ್ನು ಮಾಡಿ ನೋಡಿ.

ತಪ್ಪು ಸಾಮಾನ್ಯವಾಗಿ ಎರಡು ಕಡೆ ಇರುತ್ತದೆ. ಒಂದು, ಕೇಸಿನ ಬಾಯಿ ಸಾಕಷ್ಟು ಅರಳಿಸದೇ ಇರುವುದು. ತಾಮ್ರದ ಹೊದಿಕೆಯ ಗುಂಡು ಬಿಗಿಯಾದ ಬಾಯಿಯಲ್ಲೂ ಸುಮ್ನೆ ಇಳಿಯುತ್ತದೆ. ಲೇಪನದ್ದು ಇಳಿಯುವುದಿಲ್ಲ, ಹಿತ್ತಾಳೆಯ ಅಂಚು ಬಣ್ಣವನ್ನು ಹೆರೆದು ಬಿಡುತ್ತದೆ. ಗುಂಡು ಕೂರಿಸಿದ ಮೇಲೆ ಕೇಸಿನ ಬಾಯಿ ಸುತ್ತ ಬಣ್ಣದ ಸಣ್ಣ ಉಂಗುರ ಕಂಡರೆ ಇದೇ ಕಾರಣ. ಗುಂಡು ಬಾಯಲ್ಲಿ ನೆಟ್ಟಗೆ ನಿಲ್ಲುವಷ್ಟು, ಅದರ ಬುಡ ಸ್ವಲ್ಪ ಒಳಗೆ ಇಳಿಯುವಷ್ಟು ಅರಳಿಸಿ. ಸೀಸದ ಗುಂಡಿಗೆಂದೇ ಮಾಡಿದ, ಬಾಯಿ ಅರಳಿಸುವ ಎಕ್ಸ್‌ಪ್ಯಾಂಡರ್ ಸಿಗುತ್ತದೆ, ಕೊಂಡ ದುಡ್ಡಿಗೆ ಮೋಸವಿಲ್ಲ. 9 ಎಂಎಂ ಕೇಸು ಒಳಗೆ ಹೋದಂತೆ ದಪ್ಪವಾಗುತ್ತದೆ. 147 ಗ್ರೇನ್ (ಗುಂಡಿನ ತೂಕದ ಅಳತೆ) ತೂಗುವ ಉದ್ದ ಗುಂಡಿನ ಬುಡ ಆ ದಪ್ಪದವರೆಗೂ ಇಳಿಯುವುದರಿಂದ ಅಲ್ಲಿ ಹಿಂಡಿಸಿಕೊಳ್ಳುವುದು ಜಾಸ್ತಿ.

ಇನ್ನೊಂದು ಕ್ರಿಂಪ್. ಗುಂಡು ಹಿಂದೆ ಸರಿಯದಿರಲಿ ಅಂತ ಬಹಳ ಜನ ಬಾಯಿಯನ್ನು ಬಲವಾಗಿ ಒತ್ತುತ್ತಾರೆ. 9 ಎಂಎಂನಲ್ಲಿ ಗುಂಡನ್ನು ಹಿಡಿದಿಡುವುದು ಕೇಸಿನ ಗೋಡೆಯ ಬಿಗಿ, ಕ್ರಿಂಪ್ ಅಲ್ಲ. ಅರಳಿಸಿದ ಬಾಯಿಯನ್ನು ಮತ್ತೆ ನೇರ ಮಾಡಿದರೆ ಸಾಕು. ಬಾಯಿಯ ಹೊರ ಅಳತೆ 0.378 ಇಂಚಿನ ಆಸುಪಾಸು ಬಂದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಕೂರಿಸುವುದು, ಕ್ರಿಂಪ್ ಮಾಡುವುದು ಎರಡನ್ನೂ ಒಂದೇ ಡೈಯಲ್ಲಿ ಮಾಡಿದರೆ ಗುಂಡು ಇನ್ನೂ ಇಳಿಯುತ್ತಿರುವಾಗಲೇ ಬಾಯಿ ಕಚ್ಚುತ್ತದೆ, ಲೇಪನ ಕಿತ್ತುಬರುತ್ತದೆ. ಬೇರೆ ಬೇರೆ ಮಾಡಿ. ಕೇಸಿನ ಮೈಯನ್ನೂ ಹಿಂಡುವ ಉಂಗುರವಿರುವ ಕ್ರಿಂಪ್ ಡೈಗಳು ಒಳಗಿರುವ ಸೀಸದ ಗುಂಡನ್ನೂ ಸಣ್ಣ ಮಾಡಬಲ್ಲವು.

ಇಷ್ಟಾದ ಮೇಲೆ ಲೇಪನವನ್ನು ಅನುಮಾನಿಸಿ, ತಪ್ಪಿಲ್ಲ. ಅದಕ್ಕೂ ಪರೀಕ್ಷೆ ಇದೆ. ಬಿಳಿ ಟಿಶ್ಯೂವನ್ನು ಅಸಿಟೋನಿನಲ್ಲಿ ಅದ್ದಿ ಗುಂಡನ್ನು ಉಜ್ಜಿ. ಬಣ್ಣ ಟಿಶ್ಯೂಗೆ ಬಂದರೆ ಲೇಪನ ಸರಿಯಾಗಿ ಬೆಂದಿಲ್ಲ. ಬಿಡಿ ಗುಂಡೊಂದನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ. ಒಳ್ಳೆಯ ಲೇಪನ ಸೀಸದ ಜೊತೆಗೇ ಹಿಗ್ಗುತ್ತದೆ, ಕೆಟ್ಟದ್ದು ಹೊಪ್ಪಳಿಕೆಯಾಗಿ ಏಳುತ್ತದೆ. ಮನೆಯಲ್ಲೇ ಪೌಡರ್ ಕೋಟಿಂಗ್, ಅಂದರೆ ಬಣ್ಣದ ಪುಡಿಯ ಲೇಪನ, ಮಾಡುವವರು ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಬೇಯಿಸುತ್ತಾರೆ. ಓವನ್ನಿನ ಗುಂಡಿ ತೋರಿಸುವ ಅಂಕಿ ನಂಬಬೇಡಿ, ಒಳಗೆ ಥರ್ಮಾಮೀಟರ್ ಇಡಿ.

ಮದ್ದಿನ ತೂಕ ನಾನು ಹೇಳುವುದಿಲ್ಲ, ಯಾರ ಬಾಯಿಮಾತನ್ನೂ ಕೇಳಬೇಡಿ. ಅದಕ್ಕೆ ಅಚ್ಚಾದ ಕೈಪಿಡಿ ಇದೆ. ಅದರಲ್ಲಿ ಸೀಸದ ಅಥವಾ ಲೇಪನದ ಗುಂಡಿಗೆ ಕೊಟ್ಟ ಲೆಕ್ಕವನ್ನೇ ಹಿಡಿಯಿರಿ, ಕೆಳಗಿನ ಅಂಕಿಯಿಂದ ಶುರು ಮಾಡಿ. ಪಿಸ್ತೂಲಿನ ಕೈಪಿಡಿಯನ್ನೂ ಓದಿ. ಗ್ಲಾಕ್ ಪಿಸ್ತೂಲಿನಂಥ, ಒಳಗೆ ಚೂಪು ಅಂಚಿನ ತೋಡಿಲ್ಲದ ಬಹುಕೋನದ ನಳಿಗೆಗಳಿಗೆ ಸೀಸದ ಗುಂಡು ಬೇಡ ಎಂದು ತಯಾರಕರೇ ಹೇಳಿದ್ದಾರೆ. ಲೇಪನ ಇದ್ದರೆ ಪರವಾಗಿಲ್ಲ ಅನ್ನುವವರು ಬಹಳ ಇದ್ದಾರೆ. ನಾನಂತೂ ಅಂಥ ನಳಿಗೆಗೆ ಹಾಕುವುದಿಲ್ಲ.

ತಾಮ್ರದ ಹೊದಿಕೆಯ ಗುಂಡಿನಿಂದ ಲೇಪನದ ಗುಂಡಿಗೆ ಬರುವಾಗ ಹಳೆಯ ತಾಮ್ರದ ಕಿಟ್ಟವನ್ನು ಪೂರ್ತಿ ತೆಗೆಯಿರಿ, ಒರಟು ಮೇಲ್ಮೈಗೆ ಸೀಸ ಬೇಗ ಹಿಡಿಯುತ್ತದೆ. ಈಗಾಗಲೇ ಹಿಡಿದಿದ್ದರೆ ತಾಮ್ರದ ಗುಂಡು ಹೊಡೆದು ಸೀಸ ಬಿಡಿಸುವ ಉಪಾಯ ಬೇಡ. ಕಿರಿದಾದ ನಳಿಗೆಯಲ್ಲಿ ಒತ್ತಡ ಏರುತ್ತದೆ. ಪಾತ್ರೆ ತಿಕ್ಕುವ ಶುದ್ಧ ತಾಮ್ರದ ನಾರನ್ನು ಹಳೆಯ ಬ್ರಷ್ಷಿಗೆ ಸುತ್ತಿ ಎಳೆದರೆ ಸೀಸ ಹಾಳೆ ಹಾಳೆಯಾಗಿ ಬರುತ್ತದೆ. ಕೊಳ್ಳುವಾಗ ಮ್ಯಾಗ್ನೆಟ್ ಹಿಡಿದು ನೋಡಿ. ಅಂಟಿಕೊಂಡರೆ ಅದು ತಾಮ್ರದ ಬಣ್ಣದ ಉಕ್ಕು, ನಳಿಗೆಗೆ ಗೀರು ಬೀಳುತ್ತದೆ. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಸುರಿಯುವುದು ಇನ್ನೊಂದು ಕೆಟ್ಟ ಅಭ್ಯಾಸ. ಸೀಸ ಕರಗುತ್ತದೆ ನಿಜ, ಆದರೆ ಕರಗಿ ಆಗುವುದು ಲೆಡ್ ಅಸಿಟೇಟ್. ಅದು ಚರ್ಮದ ಮೂಲಕವೂ ಮೈಗೆ ಸೇರುವ ವಿಷ. ಉಕ್ಕೂ ಹಾಳು.

ಸೀಸದ ವಿಷಯಕ್ಕೆ ಬಂದಿದ್ದೇನಲ್ಲ, ಮನೆಯಲ್ಲಿ ಮಕ್ಕಳಿರುವವರು ಇದನ್ನು ಮರೆಯಬೇಡಿ. ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದ್ದರೆ ಗಮನ ಕೊಡಬೇಕು ಎಂಬ ಮಟ್ಟವನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂನಿಂದ 3.5ಕ್ಕೆ ಇಳಿಸಿತು. ಲೇಪನ ಇರುವುದರಿಂದ ಗುಂಡು ಮುಟ್ಟಿದಾಗ ಕೈಗೆ ಸೀಸ ಕಡಿಮೆ ಹತ್ತುತ್ತದೆ, ಹೊಗೆಯೂ ಕಡಿಮೆ. ಆದರೆ ಸಾಮಾನ್ಯ ಪ್ರೈಮರಿನೊಳಗೇ ಸೀಸದ ಸಂಯುಕ್ತ ಇದೆ, ಅದಕ್ಕೆ ಯಾವ ಲೇಪನವೂ ಇಲ್ಲ. ನಳಿಗೆ ತಿಕ್ಕಿದ ಬಟ್ಟೆ, ನಾರು ಎಲ್ಲವನ್ನೂ ಮುಚ್ಚಳದ ಡಬ್ಬದಲ್ಲಿ ಹಾಕಿ. ತುಂಬುವ ಮೇಜನ್ನು ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಲೇಪನ ಬೇಯಿಸಿದ ಓವನ್ನಿನಲ್ಲಿ ಮತ್ತೆಂದೂ ಅಡುಗೆ ಬೇಡ. ಗುಂಡು ಹೊಡೆಯುವ ರೇಂಜ್‌ನಿಂದ ಬಂದ ಕೂಡಲೇ ಕೈ ಮುಖ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಮಗುವನ್ನು ಎತ್ತಿಕೊಳ್ಳಿ. ಆ ಬಟ್ಟೆಯನ್ನು ಮನೆಯ ಉಳಿದ ಬಟ್ಟೆ ಜೊತೆ ಒಗೆಯಬೇಡಿ.

ಇಂತಿ,
ನಿಮ್ಮ ಓದುಗ,
ಫೀನಿಕ್ಸ್, ಅರಿಜೋನಾ