ಬೇರಿಗೆ ಊಟ ಹಾಕುವವರು ಯಾರು?

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಬೇರು ನೀರು ಹೀರುತ್ತದೆ, ಕಾಂಡ ಸಾಗಿಸುತ್ತದೆ, ಎಲೆ ಆಹಾರ ತಯಾರಿಸುತ್ತದೆ ಎಂದು ಬರೆದರೆ ಪೂರ್ತಿ ಅಂಕ ಸಿಗುತ್ತದೆ, ಆದರೆ ಮಣ್ಣಿನ ಕತ್ತಲೆಯಲ್ಲಿರುವ ಬೇರಿಗೆ ಊಟ ಯಾರು ಹಾಕುತ್ತಾರೆ ಎಂದು ಕೇಳಿದ್ದೀಯ. ಓದಿ ಬಹಳ ಸಂತೋಷವಾಯಿತು. ಒಕ್ಕಲುತನದ ಅರ್ಧ ಸಂಕಟ ಈ ಪ್ರಶ್ನೆಯಲ್ಲೇ ಇದೆ.

ಊಟ ಹಾಕುವುದು ಎಲೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ತಿಕೋಟಾ ಕಡೆಯ ದ್ರಾಕ್ಷಿ ತೋಟಕ್ಕೆ ಹೋಗಬೇಕು. ಕಾಯಿ ಕಟ್ಟಿದ ಮೇಲೆ ಕೆಲವರು ಬಳ್ಳಿಯ ಬೊಡ್ಡೆಯ ಸುತ್ತ ಕಿರುಬೆರಳಿಗಿಂತ ಸಣ್ಣ ಅಗಲದಲ್ಲಿ ತೊಗಟೆ ಕೆತ್ತಿ ತೆಗೆಯುತ್ತಾರೆ. ಬಳ್ಳಿ ಬಾಡುವುದಿಲ್ಲ. ಏಕೆಂದರೆ ನೀರು ಏರುವುದು ಒಳಗಿನ ಕಟ್ಟಿಗೆಯಲ್ಲಿ. ನಿನ್ನ ಪುಸ್ತಕದ ಕ್ಸೈಲಂ ಅದೇ. ಎಲೆಯಲ್ಲಿ ತಯಾರಾದ ಸಕ್ಕರೆ ಇಳಿಯುವುದು ತೊಗಟೆಯ ಒಳಪದರದಲ್ಲಿ, ಫ್ಲೋಯಂನಲ್ಲಿ. ಆ ದಾರಿ ಕಡಿದುಹೋದಾಗ ಸಕ್ಕರೆ ಮೇಲೆಯೇ ಉಳಿದು ಗೊನೆಗೆ ಸೇರುತ್ತದೆ, ಕಾಯಿ ದಪ್ಪವಾಗುತ್ತದೆ. ಅಷ್ಟು ದಿನ ಬೇರಿಗೆ ಉಪವಾಸ. ಕೆಲವು ವಾರಗಳಲ್ಲಿ ಗಾಯ ಮಾಯ್ದು ತೊಗಟೆ ಕೂಡಿಕೊಂಡರೆ ಬಳ್ಳಿ ಚೇತರಿಸಿಕೊಳ್ಳುತ್ತದೆ, ಕೂಡದಿದ್ದರೆ ಬೇರು ಸೊರಗಿ ಇಡೀ ಬಳ್ಳಿಯೇ ಹೋಗುತ್ತದೆ. ಬಳ್ಳಿ ಬಲವಾಗಿಲ್ಲದಿದ್ದರೆ ಚೂರಿ ಹಚ್ಚಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಾಲ್ಕು ಕಾಸು ಹೆಚ್ಚು ಬರಲೆಂದು ಬೇರಿನ ಅನ್ನ ಕಸಿಯಬಾರದು.

ಬೇರಿಗೆ ಊಟದ ಜೊತೆ ಉಸಿರೂ ಬೇಕು. ಎರೆ ಹೊಲದಲ್ಲಿ ಮಳೆ ಜೋರಾಗಿ ನೀರು ನಿಂತರೆ ತೊಗರಿ ಬಾಡುವುದನ್ನು ನೀನು ನೋಡಿದ್ದೀಯ. ಕಾಲ ಬುಡದಲ್ಲಿ ಅಷ್ಟು ನೀರಿದ್ದೂ ಗಿಡ ಬಾಯಾರಿದ್ದೇಕೆ? ಮಣ್ಣಿನ ಸಂದಿಗಳಲ್ಲಿದ್ದ ಗಾಳಿಯ ಜಾಗವನ್ನೆಲ್ಲ ನೀರು ತುಂಬಿಕೊಂಡಿರುತ್ತದೆ. ಆಮ್ಲಜನಕ ಸಿಗದೆ ಬೇರು ಸಕ್ಕರೆಯಿಂದ ಶಕ್ತಿ ಪಡೆಯಲಾರದು, ಶಕ್ತಿ ಇಲ್ಲದ ಬೇರು ನೀರನ್ನು ಒಳಗೆ ಬಿಟ್ಟುಕೊಳ್ಳಲಾರದು. ನಾವು ಬದುವಿನ ಕಡೆ ಕಾಲುವೆ ತೆಗೆದು ನೀರು ಬಸಿಯುವುದು ಬೇರಿಗೆ ಉಸಿರು ಸಿಗಲೆಂದೇ.

ಇನ್ನು ನೀರು ಮೇಲೇರುವ ಬಗೆ. ಬೇರು ಕೆಳಗಿನಿಂದ ದೂಡುತ್ತದೆ ಎಂದು ಹಲವರು ತಿಳಿದಿದ್ದಾರೆ. ಹೆಚ್ಚಿನ ಕೆಲಸ ಎಲೆಯದು. ಬೇರು ಹೀರಿದ ನೀರಿನಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಎಲೆಯ ಪತ್ರರಂಧ್ರಗಳಿಂದ ಆವಿಯಾಗಿ ಹೋಗುತ್ತದೆ. ಹೋಗುವ ಒಂದೊಂದು ಕಣವೂ ಹಿಂದಿನದನ್ನು ಎಳೆಯುತ್ತದೆ, ಬಾವಿಯಿಂದ ಹಗ್ಗ ಸೇದಿದ ಹಾಗೆ. 1894ರಲ್ಲಿ ಇದನ್ನು ವಿವರಿಸಿದವರು ಡಬ್ಲಿನ್ನಿನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ. ಅಷ್ಟು ನೀರು ಪೋಲಾಗುವುದು ನೋಡಿ ನಿನಗೆ ಮರುಕವಾಗಬಹುದು. ಆದರೆ ಸಕ್ಕರೆ ತಯಾರಿಸಲು ಬೇಕಾದ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ಅದೇ ರಂಧ್ರಗಳಿಂದ. ತೆರೆದರೆ ನೀರು ಹೋಗುತ್ತದೆ, ಮುಚ್ಚಿದರೆ ಅಡುಗೆ ನಿಲ್ಲುತ್ತದೆ.

ಈ ಇಕ್ಕಟ್ಟನ್ನು ನಮ್ಮ ಹಿಂಗಾರಿ ಬಿಳಿಜೋಳ ನಿಭಾಯಿಸುವ ರೀತಿಗೆ ನಾನು ತಲೆಬಾಗುತ್ತೇನೆ. ಬಿತ್ತಿದ ಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಎರೆಮಣ್ಣು ಹಿಡಿದಿಟ್ಟ ಹಸಿಯೇ ಗತಿ. ಮೇಲ್ಮಣ್ಣು ಒಣಗಿದಂತೆ ಬೇರು ಆಳಕ್ಕೆ, ನಾಲ್ಕೈದು ಅಡಿಯವರೆಗೂ ಇಳಿಯುತ್ತದೆ. ಬಿಸಿಲೇರಿದಾಗ ಹೊಲದಲ್ಲಿ ನಿಂತು ನೋಡು: ಎಲೆಯ ಎರಡೂ ಅಂಚುಗಳು ಮೇಲಕ್ಕೆ ಮಡಚಿ ಸುರುಳಿಯಾಗಿರುತ್ತವೆ. ಬಿಸಿಲಿಗೆ ತಾಗುವ ಮೈ ಕಡಿಮೆಯಾದಷ್ಟೂ ನೀರು ಉಳಿಯುತ್ತದೆ. ಹಸಿ ಇನ್ನೂ ಇದ್ದರೆ ಸಂಜೆಗೆ ಬಿಚ್ಚಿಕೊಳ್ಳುತ್ತದೆ. ಮುಂಜಾನೆಯೂ ಸುರುಳಿಯಾಗಿಯೇ ಇದ್ದರೆ ಕೆಳಗಿನ ಹಸಿ ಮುಗಿಯುತ್ತ ಬಂದಿದೆ ಎಂದು ನನ್ನ ಎದೆ ಹಾರುತ್ತದೆ. ನೆಲ ಬಿರುಕು ಬಿಡುವ ಮೊದಲೇ ಎಡೆ ಹೊಡೆದು ಸಾಲುಗಳ ನಡುವಿನ ಮಣ್ಣು ಸಡಿಲಿಸಬೇಕೆಂದು ನಿಮ್ಮ ಮುತ್ಯಾ ಅವಸರ ಮಾಡುತ್ತಿದ್ದುದೂ ಇದಕ್ಕೇ. ಬಿರುಕಿನಿಂದ ಹಸಿ ಹಾರುತ್ತದೆ, ಬೇರೂ ಹರಿಯುತ್ತದೆ.

ಕಾಂಡ ಬರೀ ಸಾಗಿಸುವುದಿಲ್ಲ, ಕೂಡಿಯೂ ಇಡುತ್ತದೆ. ಕಾಳು ತುಂಬುವಾಗ ಎಲೆ ಒಣಗತೊಡಗಿದರೆ ಜೋಳದ ದಂಟು ತನ್ನಲ್ಲಿದ್ದ ಸಕ್ಕರೆಯನ್ನು ತೆನೆಗೆ ಕಳಿಸುತ್ತದೆ. ಕಬ್ಬಿನ ವಿಷಯ ಹೇಳುವುದೇ ಬೇಡ. ಅರಿಶಿನ ಮಣ್ಣೊಳಗಿದ್ದರೂ ಕಾಂಡವೇ, ಅದರ ಗಿಣ್ಣು ಮತ್ತು ಮೊಳಕೆ ನೋಡಿದರೆ ತಿಳಿಯುತ್ತದೆ. ಉಳ್ಳಾಗಡ್ಡಿಯನ್ನು ಸೀಳಿದಾಗ ಕಾಣುವ ಪದರಗಳು ಎಲೆಯ ಬುಡಗಳು. ತಳದಲ್ಲಿ ಬೇರು ಅಂಟಿಕೊಂಡ ಗಟ್ಟಿ ಬಿಲ್ಲೆ ಮಾತ್ರ ಕಾಂಡ. ಪರೀಕ್ಷೆಯಲ್ಲಿ ಇದನ್ನು ತಪ್ಪದೆ ಕೇಳುತ್ತಾರೆ.

ಎಳ್ಳಮಾವಾಸ್ಯೆಗೆ ಬಂದಾಗ ಕಡಲೆ ಹೊಲಕ್ಕೆ ಹೋಗೋಣ. ಗಿಡವನ್ನು ಕೈಯಿಂದ ಕೀಳಬೇಡ, ಬೇರಿನ ಗಂಟುಗಳು ಮಣ್ಣಿನಲ್ಲೇ ಉಳಿದುಬಿಡುತ್ತವೆ. ಕುರ್ಪಿಯಿಂದ ಸುತ್ತಲೂ ಸಡಿಲಿಸಿ ಎತ್ತಿ, ಒಂದು ಗಂಟನ್ನು ಉಗುರಿನಿಂದ ಸೀಳು. ಒಳಗೆ ಗುಲಾಬಿ ಬಣ್ಣವಿದ್ದರೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿದೆ ಎಂದು ಅರ್ಥ. ಅದಕ್ಕೂ ಕೂಲಿ ಕೊಡುವುದು ಎಲೆಯ ಸಕ್ಕರೆಯೇ. ನಿನ್ನ ವಿಜ್ಞಾನದ ಪುಸ್ತಕ ಚೀಲದಲ್ಲಿರಲಿ. ಬಸ್ ಹತ್ತುವ ಮೊದಲು ಫೋನ್ ಮಾಡು, ತಾಳಿಕೋಟೆ ನಿಲ್ದಾಣಕ್ಕೆ ಬರುತ್ತೇನೆ.

ನಿನ್ನ ಅಪ್ಪ