ನನ್ನ 26 ಹಲ್ಲು ಉಳಿಸಿದವರಿಗೆ

ಈ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿ ಮಹಾದಾಸೋಹದಲ್ಲಿ ಕೂತು ಒಂದು ಖಡಕ್ ರೊಟ್ಟಿ ತಿಂದೆ. ಪಲ್ಯದಲ್ಲಿ ನೆನೆಸಲಿಲ್ಲ, ಸಾರಿನಲ್ಲಿ ಮುಳುಗಿಸಲಿಲ್ಲ. ಕಟಂ ಅಂತ ಕಡಿದು ತಿಂದೆ. ಮಗಳು ಮೊಬೈಲ್ ತೆಗೆದು ವಿಡಿಯೊ ಮಾಡಿದಳು, ಎದುರಿಗೆ ಕೂತಿದ್ದ ಅಜ್ಜಿ ಒಬ್ಬರು ಇವರಿಗೇನಾಗಿದೆ ಅನ್ನೋ ಹಾಗೆ ನೋಡಿದರು. ಎರಡು ವರ್ಷದ ಹಿಂದೆ ಅದೇ ಜಾಗದಲ್ಲಿ ಅದೇ ರೊಟ್ಟಿಯನ್ನು ಅಂಬಲಿ ಥರ ಕಲಸಿ ನುಂಗಿದ್ದೆ. ಅದಕ್ಕೇ ಈ ಬರಹ. ಥ್ಯಾಂಕ್ಸ್ ಹೇಳಬೇಕಾದವರು ಬಹಳ ಜನ ಇದ್ದಾರೆ.

ನಾನು ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಬ್ಲೌಸ್ ಹೊಲಿಯುತ್ತೇನೆ. ವಯಸ್ಸು 46. ಸಕ್ಕರೆ ಕಾಯಿಲೆ ಬಂದು ಏಳು ವರ್ಷ. ನಮ್ಮ ಕಸುಬಿನಲ್ಲಿ ಹಲ್ಲೂ ಒಂದು ಕತ್ತರಿ, ಅದು ನಿಮಗೆ ಗೊತ್ತಿರಲಿ. ದಾರ ಕಡಿಯೋದು ಹಲ್ಲಿನಲ್ಲಿ, ಗುಂಡುಪಿನ್ನು ಹಿಡಿಯೋದು ಹಲ್ಲಿನಲ್ಲಿ. ಇಪ್ಪತ್ತೈದು ವರ್ಷ ದಾರ ಕಡಿದು ಕಡಿದು ನನ್ನ ಮುಂದಿನ ಹಲ್ಲಿನಲ್ಲಿ ಸೂಜಿ ಕಣ್ಣಿನಂಥ ಒಂದು ಕಚ್ಚು ಬಿದ್ದಿದೆ.

ಆದರೆ ಕೆಟ್ಟದ್ದು ಹಲ್ಲಲ್ಲ, ಒಸಡು. ಮುಖ ತೊಳೆಯುವಾಗ ರಕ್ತ ಬರೋದು ಶುರುವಾಗಿ ಆರು ವರ್ಷ ಆಗಿತ್ತು. ಯಾರನ್ನು ಕೇಳಿದರೂ ಒಂದೇ ಉತ್ತರ, "ಉಷ್ಣ ಆಗೈತಿ, ಸಬ್ಬಕ್ಕಿ ಗಂಜಿ ಕುಡಿ." ಕುಡಿದೆ. ಮೆಂತ್ಯ ನೆನೆಸಿ ತಿಂದೆ. ರಕ್ತ ಬರುವ ಕಡೆ ಬ್ರಷ್ ಮುಟ್ಟಿಸಬಾರದು ಅಂತ ನನ್ನಷ್ಟಕ್ಕೆ ನಾನೇ ಒಂದು ಕಾನೂನು ಬೇರೆ ಮಾಡಿಕೊಂಡಿದ್ದೆ. ಅದೇ ಜಾಗದಲ್ಲಿ ಪಾಚಿ ಕಟ್ಟಿ, ಗಟ್ಟಿಯಾಗಿ ಗಾರೆ ಆಗಿ, ಒಸಡು ಇನ್ನೂ ಊದಿಕೊಂಡಿತು. ಒಂದು ಜಾತ್ರೆಯಲ್ಲಿ ಕರಿ ಹಲ್ಲುಪುಡಿ ತಂದೆ. ಇದ್ದಲಿನ ಪುಡಿ, ಅಪ್ಪಟ ನೈಸರ್ಗಿಕ ಅಂತ ಮೈಕ್ ಹಿಡಿದು ಕೂಗುತ್ತಿದ್ದರು. ಮರಳೂ ನೈಸರ್ಗಿಕವೇ ಅಲ್ವಾ? ಹಲ್ಲಿನ ಮೇಲಿನ ಬಿಳಿ ಕವಚ ಒಮ್ಮೆ ಸವೆದರೆ ಮತ್ತೆ ಬೆಳೆಯಲ್ಲ ಅಂತ ಆಗ ಗೊತ್ತಿರಲಿಲ್ಲ. ಎರಡು ವರ್ಷ ಬಿಡದೆ ತಿಕ್ಕಿದೆ.

2024ರ ಆಗಸ್ಟ್ 10, ಶನಿವಾರ ರಾತ್ರಿ. ನಮ್ಮ ಭಾಗದವರಿಗೆ ಈ ತಾರೀಕು ಹೇಳಿದರೆ ಸಾಕು. ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ರಾತ್ರಿ. ನನ್ನ ತವರು ಹುಲಿಗಿ, ಹೊಳೆ ದಂಡೆ. ಅಣ್ಣ ಅಲ್ಲಿಂದ ಫೋನ್ ಮಾಡಿ ನೀರಿನ ಸುದ್ದಿ ಹೇಳುತ್ತಿದ್ದ, ನಾನು ಈ ಕಡೆ ಬಲಗೆನ್ನೆ ಊದಿಸಿಕೊಂಡು ಹ್ಞೂಂ ಹ್ಞೂಂ ಅನ್ನುತ್ತಿದ್ದೆ. ಲವಂಗ ಇಟ್ಟೆ. ಲವಂಗದ ಎಣ್ಣೆ ಸ್ವಲ್ಪ ಹೊತ್ತು ಜೋಮು ಹಿಡಿಸುತ್ತೆ, ನಿಜ, ಆದರೆ ಒಳಗಿನ ಕೀವನ್ನು ಅದೇನು ಮಾಡುತ್ತೆ? ಮರುದಿನ ಭಾನುವಾರ, ದವಾಖಾನೆಗಳೆಲ್ಲ ಬಂದ್. ಗೇಟು ಹೋದ ಜಾಗಕ್ಕೆ ಒಂದು ವಾರದಲ್ಲಿ ಸ್ಟಾಪ್ ಲಾಗ್ ಅನ್ನೋ ತಾತ್ಕಾಲಿಕ ಉಕ್ಕಿನ ತಡೆ ಕೂರಿಸಿ ನೀರು ನಿಲ್ಲಿಸಿದರು. ನನ್ನ ಬಾಯಿಯ ರಿಪೇರಿಗೆ ಎಂಟು ತಿಂಗಳು ಬೇಕಾಯಿತು.

ಮೊದಲು ತೋರಿಸಿದ ಕಡೆ, ಹೆಸರು ಬೇಡ, ಸಡಿಲ ಇರೋದನ್ನೆಲ್ಲ ಕಿತ್ತು ಹೊಸ ಸೆಟ್ ಕೂರಿಸೋಣ, ಲಕ್ಷದ ಮೇಲೆ ಆಗುತ್ತೆ ಅಂದರು. ನಾನು ಆಗಲೇ ಮನಸ್ಸಿನಲ್ಲೇ ಬಳೆ ಅಡ ಇಡೋ ಲೆಕ್ಕ ಹಾಕುತ್ತಿದ್ದೆ. "ತಡಿಯವ್ವಾ, ಹಲ್ಲು ಕಿತ್ತ ಮ್ಯಾಲ ವಾಪಸ್ ಹಚ್ಚಾಕ ಬರಂಗಿಲ್ಲ, ಇನ್ನೊಬ್ಬರನ್ನ ಕೇಳೂಣು" ಅಂದವನು ಅಣ್ಣ. ಅಣ್ಣಾ, ನಿನಗೆ ಮೊದಲ ನಮಸ್ಕಾರ.

ಎರಡನೆಯದು ನನ್ನ ಶುಗರ್ ಡಾಕ್ಟರಿಗೆ. ಎಚ್‌ಬಿಎ1ಸಿ ರಿಪೋರ್ಟ್ ನೋಡಿದರು, 9.8. ಇದು ಒಂದು ದಿನದ ಸಕ್ಕರೆ ಅಲ್ಲ, ಹೆಚ್ಚುಕಮ್ಮಿ ಮೂರು ತಿಂಗಳ ಸರಾಸರಿ. ಮಾತ್ರೆ ಬದಲಿಸುತ್ತಾರೆ ಅಂತ ಕಾದರೆ, ಟಾರ್ಚ್ ತೆಗೆದು "ಬಾಯಿ ತೆಗೀರಿ" ಅಂದರು. ಆಮೇಲೆ ಕೇಳಿದ್ದು ಇನ್ನೂ ಕಿವಿಯಲ್ಲಿದೆ, "ಇಷ್ಟು ಕೀವು ಕೈಮೇಲೆ ಇದ್ದಿದ್ರೆ ಆರು ವರ್ಷ ಸುಮ್ನಿರ್ತಿದ್ರಾ?" ಸಕ್ಕರೆ ಜಾಸ್ತಿ ಇದ್ದರೆ ಒಸಡಿನ ಸೋಂಕು ಬಿಡಲ್ಲ, ಹಲ್ಲು ಹಿಡಿದ ಎಲುಬೇ ಕರಗುತ್ತೆ. ಒಸಡಿನಲ್ಲಿ ಸೋಂಕು ಇದ್ದರೆ ಅದರ ಉರಿ ರಕ್ತದಲ್ಲಿ ಮೈಯೆಲ್ಲ ಓಡಾಡಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ. ಎರಡೂ ಒಂದನ್ನೊಂದು ಎಳೆದುಕೊಂಡು ಬಾವಿಗೆ ಬೀಳುತ್ತವೆ. ಹೃದಯದ ಕಾಯಿಲೆ ಇರುವವರಲ್ಲೂ ಒಸಡಿನ ತೊಂದರೆ ಜಾಸ್ತಿ ಕಾಣುತ್ತೆ ಅಂದರು, ಆದರೆ ಅದೇ ಕಾರಣ ಅಂತ ಹೇಳಲಿಲ್ಲ. ಇಷ್ಟು ವರ್ಷ ಬಾಯಿ ಬೇರೆ, ಮೈ ಬೇರೆ ಅಂತ ತಿಳಿದಿದ್ದೆ ನಾನು.

ಅವರೇ ಬಳ್ಳಾರಿಯ ಸರ್ಕಾರಿ ದಂತ ಕಾಲೇಜಿಗೆ ಹೋಗಿ ಅಂದರು. ಕೆಂಪು ಬಸ್ಸಿನಲ್ಲಿ, ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ ಹಿಡಿದು ಎಷ್ಟು ಸಲ ಓಡಾಡಿದೆನೋ. ಆ ಟಿಕೆಟ್ ಇಲ್ಲದಿದ್ದರೆ ಎರಡನೇ ಸಲವೇ ಬಿಟ್ಟುಬಿಡುತ್ತಿದ್ದೆ, ನಿಜ ಹೇಳುತ್ತೇನೆ. ಅಲ್ಲಿ ಸಿಕ್ಕಿದ್ದು ಕಲಿಯುತ್ತಿದ್ದ ಒಬ್ಬ ಹುಡುಗಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಗೆರೆ ಇರುವ ಸಣ್ಣ ಕಡ್ಡಿಯನ್ನು ಹಲ್ಲಿಗೂ ಒಸಡಿಗೂ ನಡುವೆ ಇಳಿಸಿ ಅಳತೆ ಹೇಳುತ್ತಾ ಹೋದಳು, ಇನ್ನೊಬ್ಬಳು ಬರೆದುಕೊಂಡಳು. ಅಳತೆ ಅಂದರೆ ನನಗೆ ಬೇಗ ಅರ್ಥ ಆಗುತ್ತೆ! 3 ಮಿಲಿಮೀಟರ್ ಒಳಗಿದ್ದರೆ ಸರಿ. ನನ್ನದು 5, 6, 7, 6. ಅವಳು "7" ಅಂದಾಗಲೆಲ್ಲ ದನಿ ಸಣ್ಣ ಮಾಡುತ್ತಿದ್ದಳು.

ದವಡೆ ಹಲ್ಲು ಎರಡು ಉಳಿಯಲಿಲ್ಲ. ಉಳಿದವನ್ನು ಬಾಯಿಯನ್ನು ನಾಲ್ಕು ಭಾಗ ಮಾಡಿ, ಒಂದೊಂದು ಸಲ ಒಂದೊಂದು ಭಾಗ ಅಂತ, ಜೋಮಿನ ಇಂಜೆಕ್ಷನ್ ಕೊಟ್ಟು ಬೇರಿನವರೆಗೂ ಕೆರೆದು ಗಾರೆ ತೆಗೆದರು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತವೆ ಅಂತ ನಮ್ಮ ಓಣಿಯಲ್ಲಿ ಎಲ್ಲರೂ ಹೆದರಿಸಿದ್ದರು. ಮೊದಲ ವಾರ ಹಾಗೇ ಅನ್ನಿಸಿತು ಕೂಡ, ತಣ್ಣೀರು ಜುಮ್ ಅಂತಿತ್ತು, ಸಂದಿ ಖಾಲಿ ಖಾಲಿ. ಕಾಲೇಜಿನ ಆ ಹುಡುಗಿಗೆ ಫೋನ್ ಮಾಡಿ ಅತ್ತೇಬಿಟ್ಟೆ. "ಅಮ್ಮಾ, ಅಲ್ಲಿ ಇದ್ದಿದ್ದು ಹಲ್ಲಲ್ಲ, ಕಲ್ಲು. ಕಲ್ಲು ಹೋಯ್ತು, ಇನ್ನು ಒಸಡು ಹಿಡ್ಕೊಳ್ಳುತ್ತೆ" ಅಂದಳು. ಹಿಡಿದುಕೊಂಡಿತು.

ಬ್ರಷ್ ಮಾಡೋದನ್ನೂ ಅವಳೇ ಕಲಿಸಿದಳು. 46 ವರ್ಷದವಳಿಗೆ! ನನ್ನ ಕೆಲಸ ಏನು ಅಂತ ಕೇಳಿ, "ಬಟ್ಟೆ ಎಲ್ಲಿ ಬಿಚ್ಚುತ್ತೆ? ಹೊಲಿಗೆ ಇರೋ ಕಡೆ ತಾನೆ? ಹಲ್ಲೂ ಹಾಗೇ, ಒಸಡು ಸೇರೋ ಗೆರೆಯಲ್ಲಿ ಬ್ರಷ್ ಓರೆ ಹಿಡಿದು ಮೆಲ್ಲಗೆ ಆಡಿಸಿ" ಅಂದಳು. ಎರಡು ನಿಮಿಷ, ಫ್ಲೋರೈಡ್ ಪೇಸ್ಟ್ ಕಡಲೆ ಕಾಳಿನಷ್ಟು, ರಾತ್ರಿ ತಪ್ಪಿಸಬಾರದು, ಯಾಕೆಂದರೆ ನಿದ್ದೆಯಲ್ಲಿ ಜೊಲ್ಲು ಕಡಿಮೆ ಆಗಿ ಬಾಯಿ ತನ್ನನ್ನು ತಾನು ತೊಳೆದುಕೊಳ್ಳಲ್ಲ. ಸಂದಿಗೆ ಪುಟ್ಟ ಬ್ರಷ್. ಹೆಸರು ಹಾಕಲು ಅವಳು ಒಪ್ಪಲಿಲ್ಲ. ತಾಯೀ, ನಿನ್ನ ಮದುವೆ ಬ್ಲೌಸ್ ನಂದು, ದುಡ್ಡು ಕೇಳಿದರೆ ಕೇಳು.

ನಮ್ಮ ಅತ್ತೆಯ ಬಗ್ಗೆ ಬರೆಯದಿದ್ದರೆ ಮನೆಯಲ್ಲಿ ಚಹಾ ಸಿಗಲ್ಲ. ಅವರಿಗೆ 74. ಇವತ್ತಿಗೂ ಬೆಳಿಗ್ಗೆ ಕಟ್ಟೆ ಮೇಲೆ ಕೂತು ಬೇವಿನ ಕಡ್ಡಿ ಜಗಿದು, ತುದಿ ನಾರು ನಾರು ಆದಮೇಲೆ ಕಾಲು ತಾಸು ಒಂದೊಂದೇ ಹಲ್ಲು ಉಜ್ಜುತ್ತಾರೆ. ಏನು ತಿಂದರೂ ಬಾಯಿ ಮುಕ್ಕಳಿಸುತ್ತಾರೆ. ನನಗೆ ಕೆರೆದ ದಿನಗಳಲ್ಲಿ ಒಂದು ಲೋಟ ಬೆಚ್ಚನೆ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು ಸಲ ಕೈಗೆ ಕೊಟ್ಟವರೂ ಅವರೇ. "ನನ್ನ ಕಡ್ಡಿ ಮುಂದ ನಿನ್ನ ದವಾಖಾನಿ ಏನು" ಅಂತ ಆಡಿಕೊಳ್ಳುತ್ತಿದ್ದರು. ಒಂದು ದಿನ ಅವರನ್ನೂ ಬಳ್ಳಾರಿಯ ಕಾಲೇಜಿಗೆ ಕರೆದುಕೊಂಡು ಹೋದೆ. ಕಡ್ಡಿ ಬಿಡಬೇಡಿ ಅಜ್ಜಿ, ಚೆನ್ನಾಗಿದೆ ಅಂದರು. ಆದರೆ ಕೆಳಗಿನ ಮುಂದಿನ ಹಲ್ಲಿನ ಒಳಬದಿಗೆ ಕಡ್ಡಿ ಹೋಗಲ್ಲ, ಜೊಲ್ಲು ಬರುವ ದಾರಿಯೂ ಅಲ್ಲೇ ಇರೋದರಿಂದ ಗಾರೆ ಬೇಗ ಕಟ್ಟುತ್ತೆ, ಅತ್ತೆಗೆ ಅಲ್ಲಿ ಗೋಡೆಯೇ ಎದ್ದಿತ್ತು. ಕ್ಲೀನ್ ಮಾಡಿಸಿಕೊಂಡು ಬಂದು "ಹಲ್ಲು ತೆಳ್ಳಗಾದ್ವು ಬೇ" ಅಂತ ಒಂದು ತಿಂಗಳು ದೂರಿದರು. ಈಗ ಬೆಳಿಗ್ಗೆ ಕಡ್ಡಿ, ರಾತ್ರಿ ಬ್ರಷ್.

ಇನ್ನೊಂದು ಮಾತು, ನನ್ನ ಗಿರಾಕಿ ಹುಡುಗಿಯರಿಗೆ. ಯಲಬುರ್ಗಾ, ಕುಷ್ಟಗಿ ಕಡೆಯಿಂದ ಮದುವೆ ಬ್ಲೌಸಿಗೆ ಬರುವ ಕೆಲವರು ಕಂದು ಹಲ್ಲು ಕಾಣದ ಹಾಗೆ ಕೈ ಅಡ್ಡ ಇಟ್ಟು ನಗುತ್ತಾರೆ. ಅದು ನೀವು ಸರಿಯಾಗಿ ಉಜ್ಜದ್ದಕ್ಕೆ ಬಂದಿದ್ದಲ್ಲ ಮಕ್ಕಳಾ. ಚಿಕ್ಕಂದಿನಲ್ಲಿ ಹಲ್ಲು ಒಳಗೆ ತಯಾರಾಗುವಾಗ ಕುಡಿದ ಬೋರ್‌ವೆಲ್ ನೀರಿನ ಫ್ಲೋರೈಡ್ ಅದು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು, ನಮ್ಮ ಎಷ್ಟೋ ಊರುಗಳ ಬೋರಿನಲ್ಲಿ ಮೀರಿದೆ. ಇದ್ದಲು, ಲಿಂಬೆಹಣ್ಣು ಹಚ್ಚಿ ತಿಕ್ಕಿದರೆ ಕಲೆ ಹೋಗಲ್ಲ, ಹಲ್ಲೇ ಹೋಗುತ್ತೆ.

ಈಗ ಲೆಕ್ಕ. ಎಚ್‌ಬಿಎ1ಸಿ 9.8 ಇದ್ದದ್ದು ನಾಲ್ಕು ತಿಂಗಳಿಗೆ 8.6, ಕಳೆದ ಡಿಸೆಂಬರಿನಲ್ಲಿ 7.2. ಪೂರ್ತಿ ಒಸಡಿನ ಪುಣ್ಯ ಅಂತ ಬರೆಯೋಣ ಅಂದುಕೊಂಡಿದ್ದೆ, ಡಾಕ್ಟರು ಬಿಡಲಿಲ್ಲ. ಒಸಡಿನ ಚಿಕಿತ್ಸೆಯಿಂದ ಸಾಮಾನ್ಯವಾಗಿ ಇಳಿಯೋದು 0.4ರ ಆಸುಪಾಸು, ಉಳಿದದ್ದು ಮಾತ್ರೆ, ನಡಿಗೆ, ಊಟ. ಆದರೆ ಆ ಊಟ ಬದಲಾಗಿದ್ದೂ ಬಾಯಿಯಿಂದಲೇ ಅಲ್ವಾ? ಅಗಿಯೋಕೆ ಆಗದೆ ದಿನಾ ಮೆತ್ತಗಿನ ಅನ್ನ, ಚಹಾದಲ್ಲಿ ಅದ್ದಿದ ಬ್ರೆಡ್ಡು ತಿನ್ನುತ್ತಿದ್ದೆ. ಈಗ ಜೋಳದ ರೊಟ್ಟಿ, ಹಸಿ ಸೌತೆಕಾಯಿ, ಹೊಲದಿಂದ ಕಿತ್ತು ತಂದ ಹಸಿ ಕಡಲೆ.

ಆ ಎಂಟು ತಿಂಗಳು ಬ್ಲೌಸ್ ತಡ ಆದರೂ ಬೇರೆ ಕಡೆ ಹೋಗದ ಗಿರಾಕಿಗಳೇ, ನಿಮಗೂ ಕೈ ಮುಗಿಯುತ್ತೇನೆ. ಮಷೀನಿಗೆ ಒಂದು ಸಣ್ಣ ಕತ್ತರಿ ರಿಬ್ಬನ್ ಕಟ್ಟಿ ತೂಗುಹಾಕಿದ್ದಾಳೆ ಮಗಳು. ನಾನು ದಾರ ಬಾಯಿಗೆ ತಂದರೆ "ಅವ್ವಾ!" ಅಂತ ಕೂಗುತ್ತಾಳೆ.

ನಮ್ಮ ಮನೆಯವರಿಗೆ ಇನ್ನೂ ಥ್ಯಾಂಕ್ಸ್ ಹೇಳುವ ಹಾಗಿಲ್ಲ. ಗುಟ್ಕಾ ಬಿಟ್ಟಿಲ್ಲ. ಬ್ಯಾನ್ ಆಗಿದ್ದು 2013ರಲ್ಲಿ, ಈಗ ಪಾನ್ ಮಸಾಲೆ, ತಂಬಾಕು ಅಂತ ಎರಡು ಚೀಟು ಬೇರೆ ಬೇರೆ ತಂದು ಕಲಸಿಕೊಳ್ಳುತ್ತಾರೆ. ಗುಟ್ಕಾದಿಂದ ಬಾಯಿ ಬಿಗಿದಿಲ್ಲ ಅಂದರೆ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗಬೇಕು ಅಂತ ಕಾಲೇಜಿನ ಆ ಹುಡುಗಿ ಹೇಳಿದ್ದಳು. ಮನೆಯಲ್ಲಿ ಎಲ್ಲರೂ ಇಟ್ಟು ನೋಡಿದೆವು. ಅವರಿಗೆ ಎರಡೇ ಹೋದವು. ಅವತ್ತಿನಿಂದ ಸ್ವಲ್ಪ ಸುಮ್ಮನಾಗಿದ್ದಾರೆ. ಬರುವ ಗುರುವಾರ ಇಬ್ಬರೂ ಬಳ್ಳಾರಿಗೆ ಹೊರಟಿದ್ದೇವೆ. ನನಗೆ ಬಸ್ ಫ್ರೀ, ಅವರು ಟಿಕೆಟ್ ತೆಗೆಸಬೇಕು.