ಋಣ ತೀರಿಸುವ ಅವಸರದ ಬಗ್ಗೆ ಗೆಳೆಯನಿಗೊಂದು ಪತ್ರ

ದಾವಣಗೆರೆ

ಪ್ರಿಯ ಗೆಳೆಯಾ,

ನೀನು ಕಳಿಸಿದ ಹಣ ಬಂದು ಸೇರಿದೆ. ಅದರ ಜೊತೆಗೆ "ನಿನ್ನ ಋಣ ಉಳಿಸಿಕೊಳ್ಳುವುದಕ್ಕೆ ಮನಸ್ಸು ಒಪ್ಪುತ್ತಿಲ್ಲ" ಎಂದು ಬರೆದಿದ್ದನ್ನೂ ಓದಿದೆ. ಔಷಧಿ ಅಂಗಡಿಯಲ್ಲಿ ನಾನು ಕೊಟ್ಟಷ್ಟನ್ನೇ ನೀನು ಹಿಂದಿರುಗಿಸಿದ್ದರೆ ಈ ಪತ್ರ ಬರೆಯುವ ಅಗತ್ಯವಿರಲಿಲ್ಲ. ಔಷಧಿಗೆ ಬಿಲ್ಲು ಇರುತ್ತದೆ, ಬಿಲ್ಲಿನ ಹಣ ಕೊಟ್ಟು ಮುಗಿಸುವುದು ನ್ಯಾಯ. ಆದರೆ ನೀನು ಅದಕ್ಕಿಂತ ಬಹಳ ಹೆಚ್ಚು ಕಳಿಸಿದ್ದೀಯ. ಆ ಹೆಚ್ಚಿನದು, ನಿಮ್ಮ ಅಪ್ಪಾಜಿಯವರ ಮಂಚದ ಪಕ್ಕದಲ್ಲಿ ನಾನು ಕುಳಿತ ರಾತ್ರಿಗಳಿಗೆ ನೀನು ಕಟ್ಟಿದ ಬೆಲೆ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಿಲ್ಲಿನಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ನಿನ್ನ ಖಾತೆಗೇ ವಾಪಸ್ ಹಾಕಿದ್ದೇನೆ. ಸಿಟ್ಟಿನಿಂದ ಹಾಗೆ ಮಾಡಲಿಲ್ಲ ಎಂಬುದನ್ನು ದಯವಿಟ್ಟು ನಂಬು.

ಕೊಟ್ಟದ್ದಕ್ಕೆ, ತೆಗೆದುಕೊಂಡದ್ದಕ್ಕೆ ಲೆಕ್ಕವಿಡುವುದು ಸಣ್ಣತನವೆಂದು ನಮ್ಮ ಕಡೆ ಯಾರೂ ಭಾವಿಸಿಲ್ಲ. ಕಲ್ಯಾಣ ಮಂಟಪದಲ್ಲಿ ಮೇಜು ಹಾಕಿಕೊಂಡು ಇಬ್ಬರು ಕುಳಿತಿರುತ್ತಾರೆ. ಒಬ್ಬರು ನೋಟು ಎಣಿಸಿ ಚೀಲಕ್ಕೆ ಹಾಕುತ್ತಾರೆ, ಇನ್ನೊಬ್ಬರು ಪುಸ್ತಕದಲ್ಲಿ ಊರು, ಹೆಸರು, ಮೊತ್ತ ಬರೆದುಕೊಳ್ಳುತ್ತಾರೆ. ಮುಯ್ಯಿ ಮಾಡಿದವರ ಮನೆಯಲ್ಲಿ ಮುಂದೆ ಶುಭಕಾರ್ಯ ನಡೆದಾಗ ಇವರು ಅದೇ ಪುಸ್ತಕವನ್ನು ತೆಗೆದು ನೋಡಿ, ಅದಕ್ಕೆ ಒಂದಿಷ್ಟು ಸೇರಿಸಿ ಬರೆಸಿ ಬರುತ್ತಾರೆ. ಕೈಯಲ್ಲಿ ಕಾಸಿಲ್ಲದ ಎಷ್ಟೋ ತಂದೆಯರು ಮಗಳ ಮದುವೆಯನ್ನು ದಡ ಸೇರಿಸಿದ್ದು ಈ ಪುಸ್ತಕದ ಆಸರೆಯಿಂದಲೇ. ಮುಯ್ಯಾಳಿನ ಪದ್ಧತಿಯೂ ಹಾಗೆಯೇ. ಇವತ್ತು ನಮ್ಮ ಹೊಲದ ಮೆಕ್ಕೆಜೋಳ ಮುರಿಯಲು ನೀವು ಬಂದರೆ ನಾಳೆ ನಿಮ್ಮ ಹೊಲಕ್ಕೆ ನಾವು ಬರುತ್ತೇವೆ. ನೂರಾರು ಮನೆಗಳ ನಡುವೆ ನಂಬಿಕೆ ಉಳಿಯಬೇಕಾದರೆ ಇಂಥ ಲೆಕ್ಕ ಬೇಕೇ ಬೇಕು. ಆದರೆ ಮದುವೆಯ ಹಿಂದಿನ ರಾತ್ರಿ ಕುಳಿತು ತರಕಾರಿ ಹೆಚ್ಚಿದವರ, ಬೀಗರನ್ನು ಬಸ್‌ಸ್ಟ್ಯಾಂಡಿನಿಂದ ಕರೆತಂದವರ, ಮದುಮಗಳ ತಾಯಿ ಕೋಣೆಯಲ್ಲಿ ಒಬ್ಬಳೇ ಅಳುವಾಗ ಬಾಗಿಲು ಮುಂದೆ ಮಾಡಿ ಪಕ್ಕದಲ್ಲಿ ಕುಳಿತವರ ಹೆಸರು ಆ ಪುಸ್ತಕದಲ್ಲಿರುವುದಿಲ್ಲ. ಬರೆದುಕೊಳ್ಳುತ್ತೇವೆ ಎಂದು ಯಾರಾದರೂ ಹೋದರೆ ಅವರು ನೊಂದುಕೊಳ್ಳುತ್ತಾರೆ. ನೀನು ನನ್ನನ್ನು ಮೇಜಿನ ಎದುರಿನ ಸಾಲಿನಲ್ಲಿ ನಿಲ್ಲಿಸಿದೆಯಲ್ಲ ಎಂಬುದೇ ನನಗಾದ ನೋವು.

ಪಕ್ಕದ ಮನೆಯಿಂದ ಹೋಳಿಗೆ ಬಂದ ಡಬ್ಬಿಯನ್ನು ನಮ್ಮ ಹೆಂಗಸರು ಬರಿದಾಗಿ ಹಿಂದಿರುಗಿಸುವುದಿಲ್ಲ. ಅಂದೇ ಹಿಂದಿರುಗಿಸುವ ಅವಸರವನ್ನೂ ಮಾಡುವುದಿಲ್ಲ. ಅದು ಕೆಲವು ದಿನ ಅಡುಗೆಮನೆಯ ಕಟ್ಟೆಯ ಮೇಲಿದ್ದು, ಮನೆಯಲ್ಲಿ ಏನಾದರೂ ಕರಿದ ದಿನ ತುಂಬಿಕೊಂಡು ಹೋಗುತ್ತದೆ. ಅವರದೊಂದು ವಸ್ತು ನಮ್ಮಲ್ಲಿದೆ ಎಂಬ ಆ ನಡುವಿನ ದಿನಗಳ ನೆನಪು ಎರಡು ಮನೆಗಳನ್ನು ಹತ್ತಿರ ಇಟ್ಟಿರುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಗರೆಟ್ ಕ್ಲಾರ್ಕ್ ಮತ್ತು ಜಡ್ಸನ್ ಮಿಲ್ಸ್ 1979ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನೇ ಬೇರೆ ರೀತಿಯಲ್ಲಿ ತೋರಿಸಿತ್ತು. ಪಡೆದ ಸಹಾಯಕ್ಕೆ ಪ್ರತಿಯಾಗಿ ಕೂಡಲೇ ಏನನ್ನಾದರೂ ಕೊಟ್ಟಾಗ, ವ್ಯವಹಾರದ ಸಂಬಂಧವನ್ನಷ್ಟೇ ನಿರೀಕ್ಷಿಸಿದವರಿಗೆ ಹಾಗೆ ಕೊಟ್ಟವರು ಹೆಚ್ಚು ಇಷ್ಟವಾದರು. ಆತ್ಮೀಯ ಸಂಬಂಧ ಬೆಳೆಯಬಹುದೆಂದು ನಿರೀಕ್ಷಿಸಿದವರಿಗೆ ಅದೇ ನಡವಳಿಕೆಯಿಂದ ಇಷ್ಟ ಕಡಿಮೆಯಾಯಿತು. ಕೂಡಲೇ ತೀರಿಸುವವನು ತನಗರಿವಿಲ್ಲದೆ ಒಂದು ಮಾತು ಹೇಳಿಬಿಡುತ್ತಾನೆ: ನಾವಿಬ್ಬರೂ ಈಗ ಒಬ್ಬರಿಗೊಬ್ಬರು ಏನೂ ಆಗಬೇಕಾಗಿಲ್ಲ.

ನೀನು ಆಯ್ದಕ್ಕಿ ಲಕ್ಕಮ್ಮನನ್ನು ಮುಂದೆ ತರಬಹುದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮಗೆ ಬೇಡ, ಅಲ್ಲಿಗೇ ಸುರಿದು ಬನ್ನಿ ಎಂದು ಲಕ್ಕಮ್ಮ ಗಂಡನನ್ನು ವಾಪಸ್ ಕಳಿಸಿದಳು ಎಂಬ ಕಥೆಯನ್ನು ನಾವಿಬ್ಬರೂ ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ದಿನನಿತ್ಯ ಆ ಅಂಗಳದಿಂದ ಬರುತ್ತಿದ್ದ ಅಕ್ಕಿಯನ್ನು ಅವಳು ಯಾವ ಸಂಕೋಚವೂ ಇಲ್ಲದೆ ಬೇಯಿಸುತ್ತಿದ್ದಳಲ್ಲ! ಅವಳು ಬೇಡವೆಂದದ್ದು ಅಗತ್ಯ ಮೀರಿದ್ದನ್ನು. ಅಪ್ಪಾಜಿಯವರು ಬಿದ್ದ ದಿನ ನೀನು ಬೆಂಗಳೂರಿನಲ್ಲಿದ್ದೆ, ಅವರ ಬಳಿ ಒಬ್ಬರು ಇರಬೇಕಿತ್ತು. ಅದಕ್ಕಿಂತ ಖಚಿತವಾದ ಅಗತ್ಯ ಇನ್ನೇನಿತ್ತು?

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ನಿದ್ದೆ ಹತ್ತದ ರಾತ್ರಿಗಳಲ್ಲಿ ಅಪ್ಪಾಜಿ ಹತ್ತಿ ಮಿಲ್ಲಿನ ಪಾಳಿಯ ದಿನಗಳನ್ನು ಹೇಳುತ್ತಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ಅದು. ಮಗ್ಗಗಳ ಸದ್ದು ಕಿವಿಯಲ್ಲಿ ತುಂಬಿ, ಮನೆಗೆ ಬಂದ ಮೇಲೂ ತಮ್ಮ ದನಿ ತಗ್ಗುತ್ತಿರಲಿಲ್ಲವಂತೆ; "ನಾನು ಬೈತಿದ್ದೀನಿ ಅಂತ ತಿಳಿದು ಅವನು ಅವ್ವನ ಹಿಂದೆ ಅಡಗಿ ನಿಲ್ತಿದ್ದ, ನಾನು ಬರೇ ಉಂಡ್ಯಾ ಅಂತ ಕೇಳಿರ್ತಿದ್ದೆ" ಎಂದು ನಿನ್ನನ್ನು ನೆನೆದರು. ಹೇಳಿ, ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ನನ್ನ ತಂದೆ ತಮ್ಮ ಬಗ್ಗೆ ಇಂಥದೊಂದು ಮಾತನ್ನೂ ಹೇಳದೆ ಹೋದರು. ಆ ರಾತ್ರಿ ನನಗೆ ಸಿಕ್ಕಿದ್ದರ ಬೆಲೆಯನ್ನು ನಾನು ನಿನಗೆ ಕಟ್ಟಿಕೊಡಬೇಕೆಂದರೆ ಎಲ್ಲಿಂದ ತರಲಿ?

ಹಾಗೆಂದು, ಪ್ರೀತಿಯಿದ್ದಲ್ಲಿ ಲೆಕ್ಕವೇ ಇರಬಾರದು ಎಂದು ನಾನು ಹೇಳುತ್ತಿಲ್ಲ. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ಎಲ್ಲವನ್ನೂ ಕಾಗದದ ಮೇಲೆ ಬರೆಯಲೇಬೇಕು. ಅದಕ್ಕಿಂತ ದೊಡ್ಡ ಮಾತು ಮನೆಯೊಳಗಿನದು. 2019ರಲ್ಲಿ ದೇಶದಾದ್ಯಂತ ನಡೆದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ತೊಡಗುವ ಗಂಡಸರು 97 ನಿಮಿಷ ಎಂದು ಕಂಡುಬಂದಿತು. ಆ ಕೆಲಸಕ್ಕೆ ಕೈಯನ್ನೇ ಹಾಕದ ಗಂಡಸರು ಈ ಸರಾಸರಿಯಲ್ಲಿ ಸೇರಿಯೇ ಇಲ್ಲ. ಒಬ್ಬರೇ ಕೊಡುತ್ತ, ಇನ್ನೊಬ್ಬರು ಪಡೆಯುತ್ತ ಹೋಗುವುದನ್ನು ಪ್ರೀತಿ ಎಂದು ಕರೆದು ಬಾಯಿ ಮುಚ್ಚಿಸುವುದು ಅನ್ಯಾಯ. ಲೆಕ್ಕ ಬರೆಯದಿರುವ ಹಕ್ಕು ಇರುವುದು ಕೊಟ್ಟವರಿಗೆ. ಪಡೆದವರು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು, ಎದುರಿನವರ ಕಷ್ಟದ ಹೊತ್ತನ್ನು ಅವರು ಬಾಯಿಬಿಟ್ಟು ಹೇಳುವ ಮೊದಲೇ ಕಾಣಬೇಕು. ಋಣವನ್ನು ಹೊತ್ತುಕೊಂಡಿರುವುದು ಎಂದರೆ ನನಗೆ ಇಷ್ಟೇ ಅರ್ಥ, ಮತ್ತು ಅದರಲ್ಲಿ ತಲೆತಗ್ಗಿಸುವಂಥದ್ದೇನೂ ಇಲ್ಲ.

ನಾನು ಹೊಳಲ್ಕೆರೆ ಕಡೆಯ ಹಳ್ಳಿಯಿಂದ ಪಿಯುಸಿಗೆಂದು ಬಂದು ರೂಮಿನಲ್ಲಿದ್ದಾಗ ನಿಮ್ಮ ಅವ್ವ ನಿನಗೆ ಕಟ್ಟುತ್ತಿದ್ದ ಬುತ್ತಿಯಲ್ಲಿ ನನಗೂ ರೊಟ್ಟಿ ಇರುತ್ತಿದ್ದವು. ಮೇಲೆ ಶೇಂಗಾ ಚಟ್ನಿ, ಒಂದು ಬದಿಗೆ ಹಸಿ ಈರುಳ್ಳಿ. ನಿನ್ನದು ಯಾವುದು, ನನ್ನದು ಯಾವುದು ಎಂದು ಅವರು ಬೇರೆ ಮಾಡಿ ಕಟ್ಟುತ್ತಿರಲಿಲ್ಲ. ನಾನು ಕೈತುಂಬ ಸಂಪಾದಿಸುವ ಹೊತ್ತಿಗೆ ಅವರಿರಲಿಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದ ಮೇಲೆ ನೀರು ಅಕ್ಕತಂಗಿಯರ ಹೊಂಡಕ್ಕೆ ಇಳಿಯುತ್ತದೆ, ಅದೂ ತುಂಬಿದರೆ ಇನ್ನೂ ಕೆಳಕ್ಕೆ ಊರಿನ ಕಡೆಗೆ ಹರಿಯುತ್ತದೆ. ಕೆಳಗಿನ ಹೊಂಡ ಮೇಲಿನದಕ್ಕೆ ನೀರು ಹಿಂದಿರುಗಿಸುವುದಿಲ್ಲ. ಅವ್ವನಿಂದ ಬಂದದ್ದು ನನ್ನ ಮೂಲಕ ಅಪ್ಪಾಜಿಯವರಿಗೆ ಹೋಯಿತು ಎಂದು ತಿಳಿದುಕೋ. ನೀನು ಹಣ ಕೊಟ್ಟು ಅದನ್ನು ನಡುವೆ ನಿಲ್ಲಿಸಲು ಹೊರಟಿದ್ದೆ.

ಈಗ ನನ್ನದೊಂದು ಬೇಡಿಕೆಯಿದೆ. ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಪಿಜಿಯಲ್ಲಿರುತ್ತೇನೆ ಎನ್ನುತ್ತಾಳೆ, ಆದರೆ ಆ ಊರು ಪರಿಚಯವಾಗುವವರೆಗೆ ನಿಮ್ಮ ಮನೆಯಲ್ಲಿರಲಿ ಎಂಬುದು ನನ್ನ ಆಸೆ. ಅವಳ ಊಟಕ್ಕೆಂದು ನಾನು ಹಣ ಕಳಿಸುವುದಿಲ್ಲ. ಅಡುಗೆಮನೆಯಲ್ಲಿ ತನ್ನ ಪಾಲಿನ ಕೆಲಸ ಮಾಡುವುದು ಅವಳಿಗೆ ಗೊತ್ತಿದೆ. ನೀನು ಒಪ್ಪಿಕೊಳ್ಳುವ ಮೊದಲು ನಿಮ್ಮ ಮನೆಯವರನ್ನು ಕೇಳು, ಏಕೆಂದರೆ ಬೆಳಿಗ್ಗೆ ಇನ್ನೊಬ್ಬರ ತಿಂಡಿಯ ಜವಾಬ್ದಾರಿ ಬೀಳುವುದು ಅವರ ಮೇಲೆ. ಅವರಿಗೆ ಕಷ್ಟವಾಗುವುದಾದರೆ ಆಗುವುದಿಲ್ಲ ಎಂದು ನೇರವಾಗಿ ಬರೆ, ನಾನು ಬೇರೆ ವ್ಯವಸ್ಥೆ ಮಾಡುತ್ತೇನೆ. ಆಗುತ್ತದೆ ಎಂದಾದರೆ ಬರುವ ಭಾನುವಾರ ಅವಳನ್ನು ರೈಲಿಗೆ ಹತ್ತಿಸುತ್ತೇನೆ, ಸ್ಟೇಷನ್ನಿಗೆ ನೀನೇ ಬಾ.

ಇಂತಿ,
ನಿನ್ನ ಗೆಳೆಯ